ಭತ್ತ ಖರೀದಿಯ ಆ್ಯಪ್‌ಗೆ ಯಾವ ವಿನ್ಯಾಸ ಮಾನದಂಡ ಸೂಕ್ತ?

ಪ್ರಶ್ನೆ (ಗಂಗಾವತಿ)
ಎಲ್ಲರಿಗೂ ನಮಸ್ಕಾರ. ಇಲ್ಲಿನ ಅಕ್ಕಿ ಗಿರಣಿಗಳಿಗೂ ದಲಾಲಿ ಅಂಗಡಿಗಳಿಗೂ ಭತ್ತದ ಖರೀದಿ, ತೂಕ, ಬಿಲ್ಲುಗಳ ಲೆಕ್ಕ ಇಡುವ ಆ್ಯಂಡ್ರಾಯ್ಡ್ ಆ್ಯಪ್ ಒಂದನ್ನು ನಮ್ಮ ಸಣ್ಣ ತಂಡ ಕನ್ನಡದಲ್ಲಿ ಸಿದ್ಧಪಡಿಸುತ್ತಿದೆ. ಪರದೆಗಳನ್ನು ಬೇರೆ ಬೇರೆಯವರು ಮಾಡಿರುವುದರಿಂದ ‘ಉಳಿಸಿ’ ಬಟನ್ ಒಂದರಲ್ಲಿ ಮೇಲಿದ್ದರೆ ಇನ್ನೊಂದರಲ್ಲಿ ಕೆಳಗಿದೆ. ದಿನಾಂಕ ತೋರಿಸುವ ಕ್ರಮವೂ ಒಂದೊಂದು ಕಡೆ ಒಂದೊಂದು ರೀತಿ. ನಮ್ಮದೇ ಶೈಲಿ ಕೈಪಿಡಿ ಬರೆಯಬೇಕೇ, ಗೂಗಲ್‌ನ ಮಟೀರಿಯಲ್ ಡಿಸೈನ್ (ಆ್ಯಪ್ ಪರದೆಗಳ ವಿನ್ಯಾಸ ನಿಯಮಗಳ ಕೈಪಿಡಿ) ಪಾಲಿಸಿದರೆ ಸಾಕೇ? ಬಳಸುವ ಗುಮಾಸ್ತರಲ್ಲಿ ವಯಸ್ಸಾದವರೂ ಇದ್ದಾರೆ. ತಿಳಿದವರು ದಯವಿಟ್ಟು ಸಲಹೆ ನೀಡಿ.

ಉತ್ತರ 1 (ಬಳ್ಳಾರಿ)
2014ರಲ್ಲಿ ಬಂದ ಮಟೀರಿಯಲ್ ಡಿಸೈನನ್ನೇ ತಳಹದಿಯಾಗಿ ಇಟ್ಟುಕೊಳ್ಳಿ. ಗುಮಾಸ್ತರ ಫೋನಿನಲ್ಲಿರುವ ಎಷ್ಟೋ ಆ್ಯಪ್‌ಗಳು ಅದರಂತೆಯೇ ನಡೆಯುವುದರಿಂದ ಅವರ ಕೈಗೆ ಆ ರೂಢಿ ಆಗಲೇ ಬಂದಿರುತ್ತದೆ. ಆಪಲ್ ಕಂಪನಿ 1980ರ ದಶಕದಲ್ಲೇ ತನ್ನ ಕಂಪ್ಯೂಟರ್ ಮ್ಯಾಕಿಂಟಾಷ್‌ಗೆ ಇಂಥ ಕೈಪಿಡಿ ಹೊರತಂದದ್ದೂ ಒಂದು ಪ್ರೋಗ್ರಾಮಿನಲ್ಲಿ ಕಲಿತದ್ದು ಮತ್ತೊಂದರಲ್ಲೂ ನಡೆಯಲಿ ಎಂದೇ. ನಿಮ್ಮ ಕೈಪಿಡಿಯಲ್ಲಿ ಅದನ್ನೆಲ್ಲ ಮತ್ತೆ ಬರೆಯುವ ಅಗತ್ಯವಿಲ್ಲ. ದಿನಾಂಕದ ಕ್ರಮ, ಲಕ್ಷದ ಅಂಕಿಗೆ ಅಲ್ಪವಿರಾಮ ಹಾಕುವ ಬಗೆ (1,00,000), ತೂಕವನ್ನು ಕ್ವಿಂಟಲ್‌ನಲ್ಲಿ ತೋರಿಸಬೇಕೋ ಚೀಲದಲ್ಲೋ ಎಂಬಂತಹ ನಿಮ್ಮ ವ್ಯವಹಾರದ ನಿರ್ಧಾರಗಳನ್ನು ಮಾತ್ರ ಕಾರಣಸಹಿತ ದಾಖಲಿಸಿ. ಕಾರಣ ತಿಳಿಯದ ನಿಯಮವನ್ನು ಹೊಸಬರು ಯಾಕೆ ಪಾಲಿಸಿಯಾರು?

ಉತ್ತರ 2 (ರಾಯಚೂರು)
ಮೇಲಿನ ಮಾತು ಸರಿಯಾಗಿದೆ. ಆದರೆ ಕನ್ನಡದ ಪರದೆಯಲ್ಲಿ ಮೊದಲು ನೋಡಬೇಕಾದದ್ದು ಸಾಲಿನ ಎತ್ತರ. ‘ಒಟ್ಟು ಮೊತ್ತ’ ಎಂಬುದನ್ನು ಇಂಗ್ಲಿಷ್ ಅಕ್ಷರಕ್ಕೆ ಅಳೆದು ಮಾಡಿದ ಪೆಟ್ಟಿಗೆಯಲ್ಲಿ ಕೂರಿಸಿದರೆ ಕೆಳಗಿನ ಟ-ಒತ್ತು, ತ-ಒತ್ತುಗಳ ಬುಡ ಕತ್ತರಿಸಿಹೋಗುತ್ತದೆ, ಫೋನಿನ ಸೆಟ್ಟಿಂಗ್‌ನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡ ಹಿರಿಯರಿಗಂತೂ ಸಾಲಿನ ಅರ್ಧವೇ ಕಾಣದಂತಾಗುತ್ತದೆ. ಆದ್ದರಿಂದ ಪೆಟ್ಟಿಗೆಯ ಎತ್ತರವನ್ನಾಗಲಿ ಬಟನ್ನಿನ ಅಗಲವನ್ನಾಗಲಿ ಖಾಯಂ ಮಾಡಬೇಡಿ. ಅಕ್ಷರಕ್ಕೆ ತಕ್ಕಂತೆ ಅವು ಬೆಳೆಯಲಿ.

ಬಟನ್ ಒತ್ತುವ ಜಾಗ ಕನಿಷ್ಠ 48 ಡಿಪಿ (ಆ್ಯಂಡ್ರಾಯ್ಡ್ ಪರದೆಯ ಅಳತೆಯ ಮಾನ), ಅಂದರೆ ಸುಮಾರು 9 ಮಿಲಿಮೀಟರ್ ಇರಬೇಕೆಂದು ಮಟೀರಿಯಲ್ ಹೇಳುತ್ತದೆ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಇರುವ ಹೊಳಪಿನ ವ್ಯತ್ಯಾಸದ ಅನುಪಾತ 4.5:1ಕ್ಕಿಂತ ಕಡಿಮೆಯಾಗಬಾರದೆಂಬುದು ಡಬ್ಲ್ಯೂಸಿಎಜಿ (ದೃಷ್ಟಿ ಮಂದವಾದವರೂ ಸೇರಿ ಎಲ್ಲರೂ ಬಳಸುವಂತೆ ಜಾಲತಾಣ ರೂಪಿಸುವ ಅಂತರರಾಷ್ಟ್ರೀಯ ನಿಯಮಗಳು) ಮಾನದಂಡ. ತೂಕದ ಕಟ್ಟೆಯ ಬಿಸಿಲಿನಲ್ಲಿ ಅಷ್ಟೂ ಸಾಲದು. ತಿಳಿ ಬೂದು ಅಕ್ಷರಗಳನ್ನು ಪೂರ್ತಿ ಕೈಬಿಡಿ.

ಪ್ರಶ್ನೆ ಕೇಳಿದವರು
ತುಂಬಾ ಉಪಕಾರವಾಯಿತು. ‘ಅಳಿಸಿ’ ಬಟನ್ ಒತ್ತಿದಾಗಲೆಲ್ಲ ‘ಖಚಿತವೇ?’ ಎಂದು ಕೇಳಬೇಕೇ?

ಉತ್ತರ 1 (ಬಳ್ಳಾರಿ)
ಪ್ರತಿ ಸಲ ಕೇಳಿದರೆ ಜನ ಓದದೆಯೇ ‘ಹೌದು’ ಒತ್ತುತ್ತಾರೆ. ಬಿಲ್ಲು ಮುದ್ರಿಸುವ ಮುನ್ನವಾದರೆ ಅಳಿಸಿ, ಕೆಲವು ಸೆಕೆಂಡು ‘ಹಿಂಪಡೆಯಿರಿ’ ಎಂಬ ಅವಕಾಶ ಕೊಡಿ. ಮುದ್ರಿಸಿದ ಬಿಲ್ಲಿಗೆ ‘ಅಳಿಸಿ’ ಇರಲೇಬಾರದು. ಅದು ‘ರದ್ದು’ ಎಂಬ ಗುರುತಿನೊಂದಿಗೆ ಲೆಕ್ಕದಲ್ಲಿ ಉಳಿಯಲಿ.