ಸಹಾಯ ಬೇಕು: ಸೆಪ್ಸಿಸ್ ಕೇಸ್‌ನಲ್ಲಿ ಮೊದಲ ಕೋಡ್ ಯಾವುದು, ವೆಂಟಿಲೇಟರ್ ಗಂಟೆ ಲೆಕ್ಕ ಹೇಗೆ?

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಅಮೆರಿಕದ ಆಸ್ಪತ್ರೆಗಳ ಇನ್‌ಪೇಷಂಟ್ ಕೋಡಿಂಗ್ ಮಾಡ್ತೀನಿ, ಅಂದ್ರೆ ದಾಖಲಾದ ರೋಗಿಗಳ ಕಾಯಿಲೆ, ಚಿಕಿತ್ಸೆಗಳಿಗೆ ಬಿಲ್ಲಿಂಗ್‌ಗಾಗಿ ಕೋಡ್ ಹಾಕೋ ಕೆಲಸ. ಒಂದು ಚಾರ್ಟ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದೀನಿ, ಅನುಭವ ಇರೋರು ದಯವಿಟ್ಟು ನೋಡಿ.

ರೋಗಿ ನ್ಯುಮೋನಿಯಾ ಅಂತ ಅಡ್ಮಿಟ್. 'ಸೆಪ್ಸಿಸ್' (ಸೋಂಕಿಗೆ ದೇಹದ ಅತಿರೇಕದ ಪ್ರತಿಕ್ರಿಯೆಯಿಂದ ಅಂಗಾಂಗಗಳಿಗೇ ಅಪಾಯ) ಅನ್ನೋ ಪದ ಡಾಕ್ಟರ್ ನೋಟ್ಸ್‌ನಲ್ಲಿ ಬರೋದು ಮೂರನೇ ದಿನ. ಆದರೆ ಎಮರ್ಜೆನ್ಸಿಯಲ್ಲೇ ಜ್ವರ, ಬಿಪಿ ಕುಸಿತ, ಲ್ಯಾಕ್ಟೇಟ್ ಏರಿಕೆ ಎಲ್ಲ ದಾಖಲಾಗಿದೆ. ಅಡ್ಮಿಷನ್ ವೇಳೆಗೇ ಸೆಪ್ಸಿಸ್ ಇತ್ತು ಅಂತಾದರೆ ಸೆಪ್ಸಿಸ್ ಕೋಡ್ ಎ41.9 ಮೊದಲು, ಆಮೇಲೆ ಬಂದಿದ್ದರೆ ನ್ಯುಮೋನಿಯಾ ಕೋಡ್ ಜೆ18.9 ಮೊದಲು. ಲ್ಯಾಬ್ ರಿಪೋರ್ಟ್ ನೋಡಿ ನಾವೇ ತೀರ್ಮಾನ ಮಾಡೋ ಹಾಗಿಲ್ಲ, ಡಾಕ್ಟರ್‌ಗೆ ಕ್ವೆರಿ (ಸ್ಪಷ್ಟನೆ ಕೇಳೋ ಲಿಖಿತ ಪ್ರಶ್ನೆ) ಹಾಕಲೇಬೇಕು ಅನ್ನೋದು ನನ್ನ ನಿಲುವು. ಉತ್ತರವನ್ನು ನಾವೇ ಬಾಯಿಗಿಟ್ಟ ಹಾಗಾಗದಂತೆ ಆ ಕ್ವೆರಿ ಹೇಗೆ ಬರೀತೀರಿ? ಒಂದು ಮಾದರಿ ವಾಕ್ಯ ಕೊಟ್ಟರೂ ಸಾಕು.

ನಿಜವಾದ ತಲೆನೋವು ವೆಂಟಿಲೇಟರ್‌ದು. ಸೋಮವಾರ ರಾತ್ರಿ 10:10ಕ್ಕೆ ಇದೇ ಆಸ್ಪತ್ರೆಯಲ್ಲಿ ಉಸಿರಾಟದ ಟ್ಯೂಬ್ ಹಾಕಿದ್ದಾರೆ (ಇಂಟ್ಯುಬೇಷನ್), ಶುಕ್ರವಾರ ರಾತ್ರಿ 9:30ಕ್ಕೆ ತೆಗೆದಿದ್ದಾರೆ. ವೀನಿಂಗ್ (ವೆಂಟಿಲೇಟರ್ ಆಸರೆ ನಿಧಾನವಾಗಿ ಕಡಿಮೆ ಮಾಡೋದು) ಸಮಯ ಸೇರಿಸಿಯೂ 95 ಗಂಟೆ 20 ನಿಮಿಷ. ಮಧ್ಯರಾತ್ರಿ ದಾಟಿದ ಮೇಲೆ ಮತ್ತೆ ಇಂಟ್ಯುಬೇಟ್ ಮಾಡಿ, ಇನ್ನೂ 20 ಗಂಟೆ ವೆಂಟಿಲೇಟರ್. ಎರಡನ್ನೂ ಕೂಡಿಸಿ 5ಎ1955ಝಡ್ ಹಾಕು ಅಂತಾರೆ ಒಬ್ಬರು. ಆ ಕೋಡ್‌ಗೆ ಸತತ 96 ಗಂಟೆ ಮೀರಬೇಕಲ್ಲವೇ? ಟ್ಯೂಬ್ ತೆಗೆದಮೇಲೆ ಲೆಕ್ಕ ಹೊಸದಾಗಿ ಶುರು, ಹಾಗಾಗಿ 5ಎ1945ಝಡ್ (24ರಿಂದ 96 ಗಂಟೆ) ಒಂದು, 5ಎ1935ಝಡ್ (24 ಗಂಟೆಗಿಂತ ಕಡಿಮೆ) ಒಂದು ಅನ್ನೋದು ನನ್ನ ಓದು. ಸೆಪ್ಸಿಸ್ ಮೊದಲಾದರೆ ಡಿಆರ್‌ಜಿ (ಆಸ್ಪತ್ರೆಗೆ ಸಿಗೋ ಹಣ ನಿರ್ಧರಿಸೋ ಗುಂಪು) 870 ಅಥವಾ 871 ಅನ್ನೋದು ಇದರ ಮೇಲೇ ನಿಂತಿದೆ. ಹೆಚ್ಚು ದುಡ್ಡು ಬರುತ್ತೆ ಅಂತ ತಪ್ಪು ಕೋಡ್ ಹಾಕೋಕೆ ನನಗೆ ಮನಸ್ಸಿಲ್ಲ.

ಆಡಿಟ್‌ನಲ್ಲಿ ಇಂಥದ್ದು ಎದುರಿಸಿದವರು, ಕೋಡಿಂಗ್ ಕ್ಲಿನಿಕ್‌ನ (ಅಮೆರಿಕದ ಕೋಡಿಂಗ್ ಮಾರ್ಗದರ್ಶಿ ಪತ್ರಿಕೆ) ಯಾವ ಸಂಚಿಕೆ ತೋರಿಸಿದಿರಿ ಅಂತ ತಿಳಿಸಿ.