ಊದುವ–ಹೀರುವ ಬ್ಲೋವರ್: ಊದುವಾಗ ಜೋರು, ಹೀರುವಾಗ ಯಾಕೆ ಸೋಲುತ್ತೆ?

ಚಿಂತಾಮಣಿ_ಅಂಗಳ:

ಎಲ್ಲರಿಗೂ ನಮಸ್ಕಾರ. ಚಿಂತಾಮಣಿ ಪಕ್ಕ ಅರ್ಧ ಎಕರೆ ಆವರಣ. ಬೇಲಿ ಉದ್ದಕ್ಕೂ ಹೊಂಗೆ, ಎರಡು ಹುಣಸೆ, ನಾಲ್ಕು ತೆಂಗು. ಮನೆ ಮುಂದೆ ಸಿಮೆಂಟ್ ಅಂಗಳ, ಉಳಿದದ್ದೆಲ್ಲ ಕೆಂಪು ಮಣ್ಣು, ಓಡಾಡುವ ದಾರಿಗೆ ಸಣ್ಣ ಜಲ್ಲಿ. ತರಗೆಲೆಗೆ ಅಂತ ಊದುವುದು, ಹೀರುವುದು ಎರಡೂ ಮಾಡುವ 2500 ವ್ಯಾಟಿನ ಕರೆಂಟ್ ಮೆಷಿನ್ ಇದೆ. ಎರಡಕ್ಕೂ ಬೇರೆ ಬೇರೆ ಪೈಪು. ಹೀರುವಾಗ 45 ಲೀಟರ್ ಚೀಲ ಸಿಕ್ಕಿಸಬೇಕು.

ಊದುವಾಗ ಎಂಟು ಅಡಿ ದೂರದ ಎಲೆಯೂ ಹಾರುತ್ತೆ. ಅದೇ ಮೋಟರು ಹೀರುವಾಗ, ಪೈಪಿನ ಬಾಯಿ ಎಲೆಗೆ ತಾಗುವಷ್ಟು ಹತ್ತಿರ ಹಿಡಿದರೆ ಮಾತ್ರ ಎಳೆಯುತ್ತೆ. ಐದು ನಿಮಿಷಕ್ಕೆ ಕಟ್ಟಿಕೊಳ್ಳುತ್ತೆ. ಈ ವಾರದಿಂದ ಹಿಡಿ ಜೋರಾಗಿ ನಡುಗುತ್ತಿದೆ, ಸುಟ್ಟ ವಾಸನೆಯೂ ಬರುತ್ತಿದೆ. ಮೋಟರಿಗೆ ಶಕ್ತಿ ಸಾಲದೋ, ಮೆಷಿನ್ನಿನ ವಿನ್ಯಾಸವೇ ಹೀಗೋ? ಓಡಿಸುತ್ತಿರುವುದು 30 ಮೀಟರ್ ಎಕ್ಸ್‌ಟೆನ್ಶನ್ ವೈರಿನಲ್ಲಿ. ಲಿವರ್ ತಿರುಗಿಸಿದರೆ ಊದುವುದರಿಂದ ಹೀರುವುದಕ್ಕೆ ಬದಲಾಗುವ ಮಾದರಿ ಇದಕ್ಕಿಂತ ವಾಸಿಯೇ?

ಗಾಳಿಲೆಕ್ಕ, ತುಮಕೂರು:

ಮೋಟರಿಗೆ ಶಕ್ತಿ ಬೇಕಾದಷ್ಟಿದೆ ಸರ್. ಊದುವ ಗಾಳಿ, ಹೀರುವ ಗಾಳಿ ಎರಡರ ಸ್ವಭಾವವೇ ಬೇರೆ. ಒಂದು ಮೊಳ ದೂರದ ದೀಪವನ್ನು ಬಾಯಿಂದ ಊದಿ ಆರಿಸಬಹುದು, ಅಷ್ಟೇ ದೂರದಿಂದ ಉಸಿರೆಳೆದು ಆರಿಸೋಕೆ ಆಗಲ್ಲ. ಊದಿದ ಗಾಳಿ ಒಂದೇ ದಿಕ್ಕಿಗೆ ಕಟ್ಟಾಗಿ ಹೋಗುತ್ತೆ. ಮೂತಿಯ ಅಗಲದ ಮೂವತ್ತು ಪಟ್ಟು ದೂರದಲ್ಲೂ ಸುಮಾರು ಹತ್ತನೇ ಒಂದು ಪಾಲು ವೇಗ ಉಳಿದಿರುತ್ತೆ. ಹೀರುವ ಬಾಯಿಗಾದರೋ ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ, ಎಲ್ಲ ಕಡೆಯಿಂದ ಗಾಳಿ ನುಗ್ಗುತ್ತೆ. ಬಾಯಿಯ ಒಂದು ಅಗಲದಷ್ಟು ದೂರ ಸರಿದರೆ ಸಾಕು, ವೇಗ ಹತ್ತನೇ ಒಂದಕ್ಕೆ ಇಳಿದಿರುತ್ತೆ. ನಿಮ್ಮ ಪೈಪು 110 ಮಿ.ಮೀ. ಇದ್ದರೆ ನಾಲ್ಕೂವರೆ ಇಂಚು ಆಚೆ ಇರುವ ಎಲೆಗೆ ಅದು ಹೀರುತ್ತಿದೆ ಅಂತಲೂ ಗೊತ್ತಾಗಲ್ಲ. ಎಷ್ಟು ದುಡ್ಡು ಕೊಟ್ಟು ತಂದ ಮೆಷಿನ್ನಿಗೂ ಇದೇ ಮಿತಿ.

ಇನ್ನೊಂದು, ಪೈಪಿನ ಅಗಲ. ಲೆಕ್ಕಕ್ಕೆ ಗಂಟೆಗೆ 600 ಘನ ಮೀಟರ್ ಗಾಳಿ ಅಂತ ಇಟ್ಟುಕೊಳ್ಳಿ. 60 ಮಿ.ಮೀ. ಮೂತಿಯಿಂದ ಅದು ಹೊರಬಿದ್ದರೆ ಸೆಕೆಂಡಿಗೆ 59 ಮೀಟರ್, ಅಂದರೆ ಗಂಟೆಗೆ 212 ಕಿ.ಮೀ. ಅಷ್ಟೇ ಗಾಳಿ 110 ಮಿ.ಮೀ. ಪೈಪಿನಲ್ಲಿ ಒಳಗೆ ಬರುವಾಗ ಸೆಕೆಂಡಿಗೆ 17.5 ಮೀಟರ್, ಗಂಟೆಗೆ 63 ಕಿ.ಮೀ. ಮಾತ್ರ. ಚೀಲದ ತಡೆ ಸೇರಿದರೆ ಇನ್ನೂ ಕಮ್ಮಿ. ಹಾಗಾದರೆ ಹೀರುವ ಪೈಪನ್ನೂ ಸಣ್ಣ ಮಾಡಬಹುದಲ್ಲ ಅನ್ನಿಸುತ್ತೆ. ಮಾಡಿದರೆ ಎರಡು ಹೊಂಗೆ ಎಲೆ ಅಡ್ಡ ಕೂತು, ಅದರ ಮೇಲೆ ಮೂರನೆಯದು ಕೂತು, ಅಲ್ಲೇ ಗೂಡು ಕಟ್ಟುತ್ತೆ.

ಈ ಮೆಷಿನ್ನಿನ ಗುಣ ದೋಷ ಎಲ್ಲದರ ಬೇರು ಒಂದೇ ಕಡೆ ಇದೆ: ಕಸ ಫ್ಯಾನಿನ ಒಳಗೇ ಹಾದು ಹೋಗಬೇಕು. ಫ್ಯಾನು ನಡುವಿನ ಕಣ್ಣಿನಿಂದ ಗಾಳಿ ಎಳೆದು, ಶಂಖದಾಕಾರದ ಕವಚದ ಅಂಚಿನಿಂದ ಹೊರಗೆ ದೂಡುತ್ತೆ. ಊದುವಾಗ ಕಣ್ಣಿಗೆ ಜಾಲರಿ ಮುಚ್ಚಳ, ಅಂಚಿಗೆ ಸಣ್ಣ ಮೂತಿ. ಹೀರುವಾಗ ಜಾಲರಿ ತೆಗೆದು ಕಣ್ಣಿಗೆ ದಪ್ಪ ಪೈಪು, ಅಂಚಿಗೆ ಚೀಲ. ಗಾಳಿಯೊಂದೇ ಆಗಿದ್ದರೆ ಹಿಂದಕ್ಕೆ ಬಾಗಿದ ರೆಕ್ಕೆ ಹಾಕಿ ಕಮ್ಮಿ ಕರೆಂಟಿನಲ್ಲಿ ಹೆಚ್ಚು ಕೆಲಸ ತೆಗೆಯಬಹುದಿತ್ತು. ಆದರೆ ಅಂಥ ರೆಕ್ಕೆಯ ಸಂದಿಯಲ್ಲಿ ಎಲೆ ಕೂತುಬಿಡುತ್ತೆ. ಅದಕ್ಕೇ ಹೀರುವ ಮಾದರಿಗಳಲ್ಲಿ ನೇರ ರೆಕ್ಕೆ, ಸಂಖ್ಯೆಯೂ ಕಮ್ಮಿ, ಮಧ್ಯೆ ಅಗಲವಾದ ಜಾಗ. ಎಲೆ ಚೂರಾಗುವುದೂ ಆ ರೆಕ್ಕೆಯ ಹೊಡೆತಕ್ಕೇ. ಉದ್ದ ಕೊಳವೆಯ ನಟ್ಟನಡುವೆ ಮೋಟರ್ ಕೂರಿಸಿದ, ಟೇಬಲ್ ಫ್ಯಾನ್ ಥರ ನೇರ ತಳ್ಳುವ ಬ್ಲೋವರುಗಳಿಗೆ ಹೀರುವ ಪೈಪು ಬರದೆ ಇರುವುದೂ ಇದಕ್ಕೇ. ಅವುಗಳಲ್ಲಿ ಎಲೆ ಹೋಗಿ ಮೋಟರಿಗೇ ಮೆತ್ತಿಕೊಳ್ಳುತ್ತೆ.

ಕಿವಿಗೆ ಒಂದು ಅಭ್ಯಾಸ ಮಾಡಿಸಿ. ಓಡುತ್ತಾ ಓಡುತ್ತಾ ಸದ್ದು ತೆಳ್ಳಗಾಗಿ ಮೇಲಕ್ಕೆ ಏರಿದರೆ ಪೈಪೋ ಚೀಲವೋ ಕಟ್ಟಿದೆ ಅಂತ. ತಳ್ಳೋಕೆ ಗಾಳಿಯೇ ಇಲ್ಲದಾಗ ಫ್ಯಾನಿಗೆ ಭಾರ ಇಳಿದು ವೇಗ ಏರುತ್ತೆ. ಸದ್ದು ದಪ್ಪವಾಗಿ ಕುಗ್ಗಿದರೆ ವೋಲ್ಟೇಜ್ ಬಿದ್ದಿದೆ, ಇಲ್ಲವೇ ಏನೋ ಉಜ್ಜುತ್ತಿದೆ.

ಲೇತ್‌ಕೆಲಸ, ಕೋಲಾರ:

ನಡುಕ ಬಂದ ಮೆಷಿನ್ನನ್ನು ಇನ್ನೊಂದು ನಿಮಿಷವೂ ಓಡಿಸಬೇಡಿ. ಇಂಥ ಫ್ಯಾನು ನಿಮಿಷಕ್ಕೆ 12,000 ಸುತ್ತು ತಿರುಗುತ್ತೆ ಅಂತ ಹಿಡಿಯಿರಿ. 140 ಮಿ.ಮೀ. ಅಗಲದ ಫ್ಯಾನಿನ ಅಂಚು ಆಗ ಗಂಟೆಗೆ 300 ಕಿ.ಮೀ. ಮೇಲೆ ಓಡುತ್ತಿರುತ್ತೆ. ನಡುವಿನಿಂದ 60 ಮಿ.ಮೀ. ದೂರದಲ್ಲಿ ಒಂದೇ ಒಂದು ಗ್ರಾಂ ಚೂರು ಹಾರಿಹೋಗಿದ್ದರೆ, ಎದುರು ಬದಿಯ ಭಾರ ಶಾಫ್ಟನ್ನು (ಫ್ಯಾನು ಕೂತಿರುವ ಕಂಬಿ) ಒಂಬತ್ತೂವರೆ ಕೆ.ಜಿ.ಯಷ್ಟು ಬಲದಲ್ಲಿ ಎಳೆಯುತ್ತೆ, ಅದೂ ಸೆಕೆಂಡಿಗೆ 200 ಸಲ ದಿಕ್ಕು ಬದಲಿಸುತ್ತಾ. ಬೇರಿಂಗ್ ಹೋಗೋದು ಆಮೇಲಿನ ಮಾತು, ಪ್ಲಾಸ್ಟಿಕ್ ಫ್ಯಾನಾದರೆ ಬಿರುಕು ಬುಡದವರೆಗೂ ಓಡುತ್ತೆ.

ಮೊದಲು ಪ್ಲಗ್ ಕಿತ್ತು, ಕಣ್ಣಿಗೆ ಕಾಣುವ ಕಡೆ ಇಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಪೈಪು ಬಿಚ್ಚಿ ಫ್ಯಾನಿನ ಕಣ್ಣಿನೊಳಗೆ ಟಾರ್ಚ್ ಬಿಡಿ. ಕಡ್ಡಿಯಿಂದ ಫ್ಯಾನನ್ನು ನಿಧಾನಕ್ಕೆ ತಿರುಗಿಸಿ ಒಂದೊಂದೇ ರೆಕ್ಕೆ ನೋಡಿ: ಅಂಚು ಮುರಿದಿದೆಯೇ, ಬುಡದಲ್ಲಿ ಕೂದಲೆಳೆ ಬಿರುಕಿದೆಯೇ, ಒಂದೇ ಕಡೆ ಹುಣಸೆಯ ಅಂಟು ಮಣ್ಣು ಮೆತ್ತಿದೆಯೇ. ಬರೀ ಮೆತ್ತಿಕೊಂಡಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ, ನಡುಕ ಅಲ್ಲಿಗೇ ನಿಲ್ಲಬಹುದು. ಆಮೇಲೆ ಫ್ಯಾನನ್ನು ಎರಡು ಬೆರಳಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಆಟ ಕಂಡರೆ ಬೇರಿಂಗ್ ಸವೆದಿದೆ. ಫ್ಯಾನಿನ ಹಿಂಬದಿ, ಶಾಫ್ಟಿನ ಸುತ್ತ ನಾರು ಸುತ್ತಿದೆಯೇ ಅಂತಲೂ ನೋಡಿ. ತೆಂಗು ಇರುವ ಕಡೆ ಇದೇ ದೊಡ್ಡ ಕಾಟ.

ಪೈಪು ಸರಿಯಾಗಿ ಕೂರದಿದ್ದರೆ ಮೋಟರ್ ಓಡದಂತೆ ಕಣ್ಣಿನ ಪಕ್ಕ ಒಂದು ಸಣ್ಣ ಸ್ವಿಚ್ ಇರುತ್ತೆ, ಪೈಪಿನ ಗೂಟ ಹೋಗಿ ಅದನ್ನು ಒತ್ತುತ್ತೆ. ಧೂಳು ಕೂತು ಅದು ಕೈಕೊಟ್ಟಾಗ ವೈರಲ್ಲಿ ನೇರ ಜೋಡಿಸಿ ಕೊಡುವವರಿದ್ದಾರೆ. ದಯವಿಟ್ಟು ಮಾಡಿಸಬೇಡಿ. ಕಟ್ಟಿಕೊಂಡ ಎಲೆ ತೆಗೆಯೋಕೆ ಕೈ ಹಾಕುವ ಜಾಗದಲ್ಲೇ ಆ ರೆಕ್ಕೆ ಇರೋದು.

ಚಿಂತಾಮಣಿ_ಅಂಗಳ:

ಬಿಚ್ಚಿ ನೋಡಿದೆ. ಒಂದು ರೆಕ್ಕೆಯ ತುದಿಯಲ್ಲಿ ಕಿರುಬೆರಳ ಉಗುರಿನಷ್ಟು ಚೂರು ಇಲ್ಲ. ಶಾಫ್ಟಿನ ಸುತ್ತ ತೆಂಗಿನ ನಾರು ಹಗ್ಗ ಹೊಸೆದಂತೆ ಬಿಗಿದಿದೆ, ಒಳಸುತ್ತು ಕಪ್ಪಗೆ ಕರಟಿದೆ. ಫ್ಯಾನು ಪ್ಲಾಸ್ಟಿಕ್. ಅಂಟು ಹಾಕಿ ಚೂರು ಕೂಡಿಸಬಹುದೇ, ಇಲ್ಲಾ ಎದುರಿನ ರೆಕ್ಕೆಯನ್ನೂ ಅಷ್ಟೇ ಅರದಿಂದ ಉಜ್ಜಿ ಸಮ ಮಾಡಬಹುದೇ?

ಲೇತ್‌ಕೆಲಸ, ಕೋಲಾರ:

ಎರಡೂ ಬೇಡಣ್ಣ. ಆ ವೇಗಕ್ಕೆ ಅಂಟು ನಿಲ್ಲಲ್ಲ. ಉಜ್ಜಿದರೆ ತೂಕ ಸರಿಹೋಗಬಹುದು, ಆದರೆ ಕಲ್ಲು ಹೊಡೆದ ರೆಕ್ಕೆಯಲ್ಲಿ ಕಾಣದ ಬಿರುಕು ಉಳಿದೇ ಇರುತ್ತೆ. ಹೊಸ ಫ್ಯಾನೇ ಹಾಕಿ. ನಿಮ್ಮ ಮಾದರಿಗೆ ಅಲ್ಯೂಮಿನಿಯಂ ಅಥವಾ ಮೆಗ್ನೀಷಿಯಂ ಫ್ಯಾನು ಸಿಗುತ್ತೆ ಅಂದರೆ, ಜಲ್ಲಿ ಇರುವ ನಿಮ್ಮ ಜಾಗಕ್ಕೆ ಅದೇ ಸರಿ. ಕಂಪನಿಯೇ ಆ ಮಾದರಿಗೆ ಕೊಡದಿದ್ದರೆ ಬೇರೆ ಮಾದರಿಯದನ್ನು ಕೊರೆದು ಕೂರಿಸುವುದು ಬೇಡ.

ಫ್ಯಾನಿನ ನಟ್ಟು ಬಿಚ್ಚುವ ಮೊದಲು ಮರೆ (ನಟ್ಟಿನ ತಿರುಪಿನ ಗೆರೆ) ಯಾವ ಕಡೆಗಿದೆ ಅಂತ ಕೈಪಿಡಿಯಲ್ಲಿ ನೋಡಿ. ಓಡುವಾಗ ಸಡಿಲವಾಗಬಾರದು ಅಂತ ಕೆಲವಕ್ಕೆ ಎಡಮರೆ, ಅಂದರೆ ಬಲಕ್ಕೆ ತಿರುಗಿಸಿದರೆ ಬಿಚ್ಚುವಂಥದ್ದು, ಕೊಟ್ಟಿರುತ್ತಾರೆ. ತಿಳಿಯದೆ ಎಡಕ್ಕೆ ತಿರುಗಿಸಿದರೆ ಇನ್ನಷ್ಟು ಬಿಗಿದು ಶಾಫ್ಟಿನ ಮರೆಯೇ ಹಾಳಾಗುತ್ತೆ. ನಾರನ್ನು ಎಳೆಯಬೇಡಿ, ಬ್ಲೇಡಿನಿಂದ ಶಾಫ್ಟಿನ ಉದ್ದಕ್ಕೆ ಕೊಯ್ದು ಬಿಡಿಸಿ. ಅದು ಬೇರಿಂಗಿನ ಮುಚ್ಚಳ ತಿಂದಿದ್ದರೆ ಬೇರಿಂಗೂ ಬದಲಾಗಬೇಕು. ಹಳೆಯದರ ಮೇಲೆ ಕೊರೆದಿರುವ ನಂಬರ್ ತೋರಿಸಿ ಎರಡೂ ಬದಿ ರಬ್ಬರ್ ಸೀಲ್ ಇರುವುದನ್ನೇ ಕೇಳಿ ತನ್ನಿ. ಕೆಂಪು ಮಣ್ಣಿನ ಧೂಳಿಗೆ ತಗಡಿನ ಮುಚ್ಚಳ ತಡೆಯಲ್ಲ.

ಸುಟ್ಟ ವಾಸನೆ ಬಹುಪಾಲು ಆ ನಾರಿನದೇ. ಆದರೂ ಮೋಟರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಎರಡನ್ನೂ ತೆಗೆದು ನೋಡಿ. ಉಳಿದ ಉದ್ದ 6 ಮಿ.ಮೀ.ಗಿಂತ ಕಮ್ಮಿ ಇದ್ದರೆ, ಇಲ್ಲವೇ ಮೂಲೆ ಒಡೆದಿದ್ದರೆ ಜೊತೆಯಾಗಿಯೇ ಬದಲಿಸಿ. ಮೋಟರ್ ತಂಪಾಗಲು ಹಿಡಿಯ ಹತ್ತಿರ ಬೇರೆ ಕಿಂಡಿಗಳಿವೆ, ಅದಕ್ಕೆ ಒಳಗೆ ಬೇರೆಯೇ ಚಿಕ್ಕ ಫ್ಯಾನಿದೆ. ಅವನ್ನು ಒಣ ಬ್ರಷ್ಷಿನಿಂದ ಗುಡಿಸಿ. ಹೀರುವಾಗ ಚೀಲದಿಂದ ಸೋರುವ ಧೂಳೇ ಆ ಕಿಂಡಿಗೆ ಮತ್ತೆ ಹೋಗುತ್ತಿರುತ್ತೆ. ಚೀಲ ಜೋಡಿಸುವ ಪಟ್ಟಿ ಸಡಿಲವಿದ್ದರೆ ಮೋಟರಿನ ಆಯಸ್ಸು ಅಲ್ಲೇ ಕಡಿಮೆ ಆಗುತ್ತೆ.

ಹೊಸ ಫ್ಯಾನು ಹಾಕಿದ ಮೇಲೆ ಮೊದಲ ಸಲ ಮೂತಿಯನ್ನು ಯಾರೂ ಇಲ್ಲದ ಕಡೆಗೆ ತಿರುಗಿಸಿ, ಅರ್ಧ ನಿಮಿಷ ಓಡಿಸಿ ನಿಲ್ಲಿಸಿ, ನಟ್ಟಿನ ಬಿಗಿ ಇನ್ನೊಮ್ಮೆ ನೋಡಿ.

ವೈರಿಂಗ್‌ಬಲ್ಲವ, ಗೌರಿಬಿದನೂರು:

ವೈರಿನ ಬಗ್ಗೆ ಯಾರೂ ಹೇಳಿಲ್ಲ. 2500 ವ್ಯಾಟ್ ಅಂದರೆ 230 ವೋಲ್ಟಿಗೆ ಸುಮಾರು 11 ಆಂಪ್ಸ್. 6 ಆಂಪ್ಸ್ ಸಾಕೆಟ್ಟಿಗೆ ಹಾಕಲೇಬಾರದು, 16 ಆಂಪ್ಸಿನದೇ ಬೇಕು. 30 ಮೀಟರಿಗೆ 1 ಚದರ ಮಿ.ಮೀ. ತಾಮ್ರದ ವೈರಾದರೆ ಹೋಗಿ ಬರುವ ದಾರಿಯಲ್ಲೇ 12 ವೋಲ್ಟ್ ಹೋಗುತ್ತೆ, 2.5 ಚದರ ಮಿ.ಮೀ. ಆದರೆ 5 ವೋಲ್ಟ್. ಮನೆಗೆ ಬರೋದೇ 200 ಆದಾಗ ಈ 12 ಲೆಕ್ಕಕ್ಕೆ ಬರುತ್ತೆ. ಫ್ಯಾನಿನ ವೇಗ ಹತ್ತಕ್ಕೆ ಒಂಬತ್ತಾದರೆ ಎಳೆಯುವ ಒತ್ತಡ ಐದನೇ ಒಂದು ಪಾಲು ಕಮ್ಮಿ ಆಗುತ್ತೆ. ವೈರನ್ನು ಸುರುಳಿಯಲ್ಲೇ ಬಿಟ್ಟು ಓಡಿಸಬೇಡಿ, ಪೂರ್ತಿ ಬಿಚ್ಚಿ ಹಾಸಿ. ಸುರುಳಿಯೊಳಗೆ ಬಿಸಿ ಹೊರಗೆ ಹೋಗದೆ ಪ್ಲಾಸ್ಟಿಕ್ ಮೆತ್ತಗಾಗುತ್ತೆ.

ಮಾವಿನತೋಪು, ಶ್ರೀನಿವಾಸಪುರ:

ಮೆಷಿನ್ ರಿಪೇರಿ ಆದ ಮೇಲೂ ಅಂಗಳವಿಡೀ ಹೀರಿಸೋಕೆ ಹೋಗಬೇಡಿ. ಊದಿ ಗುಡ್ಡೆ ಮಾಡುವುದು, ಗುಡ್ಡೆಯನ್ನು ಹೀರುವುದು, ಈ ಕ್ರಮ ಸರಿ. ಗುಡ್ಡೆ ಸಿಮೆಂಟಿನ ಮೇಲೇ ಇರಲಿ. ಮಣ್ಣಿನ ಮೇಲೆ ಹೀರಿದರೆ ಎಲೆಗಿಂತ ಮರಳೇ ಹೆಚ್ಚು ಹೋಗಿ, ರೆಕ್ಕೆಯ ಅಂಚು ಉಪ್ಪುಕಾಗದ ತಿಕ್ಕಿದ ಹಾಗೆ ಸವೆಯುತ್ತೆ. ಹೀರುವ ಮೊದಲು ತೆಂಗಿನ ಗರಿಯ ಕಡ್ಡಿ, ನಾರು, ದಾರ, ಹೊಂಗೆ ಕಾಯಿ, ಹುಣಸೆ ಬೀಜ ಇವನ್ನು ಕುಂಟೆಯಲ್ಲಿ ಬೇರೆ ಮಾಡಿ. ಹೊಂಗೆ ಕಾಯಿಯ ಸಿಪ್ಪೆ ಮರದಷ್ಟೇ ಗಟ್ಟಿ.

ಜಲ್ಲಿ ದಾರಿಯಲ್ಲಿ ಅನಿವಾರ್ಯವಾಗಿ ಹೀರಲೇಬೇಕಾದರೆ ಪೈಪನ್ನು ಆದಷ್ಟು ನೆಟ್ಟಗೆ ಹಿಡಿಯಿರಿ. ಮೇಲೆ ಹೇಳಿದ ಸೆಕೆಂಡಿಗೆ 17 ಮೀಟರ್ ಗಾಳಿಗೆ ಜೋಳದ ಕಾಳಿನಷ್ಟು ಕಲ್ಲು ಏರಬಹುದು, ಕಡಲೆಕಾಳಿನಷ್ಟು ಗುಂಡು ಕಲ್ಲು ನೆಟ್ಟಗಿನ ಪೈಪಿನಲ್ಲಿ ವಾಪಸ್ ಬೀಳುತ್ತೆ. ಪೈಪು ಮಲಗಿಸಿದಿರೋ, ಅದೇ ಕಲ್ಲು ಉರುಳುತ್ತಾ ಫ್ಯಾನಿಗೆ ಹೋಗಿ ಸೇರುತ್ತೆ. ಬಾಯನ್ನು ನೆಲಕ್ಕೆ ಒತ್ತಲೂ ಬೇಡಿ. ಬಾಯಿ ಓರೆಯಾಗಿ ಕತ್ತರಿಸಿರುವುದೇ ಪಕ್ಕದಿಂದ ಗಾಳಿ ಬರಲಿ ಅಂತ. ಗಾಳಿ ಇಲ್ಲದೆ ಎಲೆ ಮೇಲಕ್ಕೆ ಏರಲ್ಲ.

ಐದು ನಿಮಿಷಕ್ಕೆ ಕಟ್ಟಿಕೊಳ್ಳೋದಕ್ಕೆ ಇಬ್ಬನಿ ಒಂದು ಕಾರಣ, ಚೀಲ ಇನ್ನೊಂದು. ಬೆಳಗ್ಗೆ ಎಲೆ ಮುರಿದರೆ ಪಟ್ ಅನ್ನಬೇಕು, ಬಾಗಿದರೆ ಇನ್ನೂ ಒಣಗಿಲ್ಲ. ಚೀಲದ ಬಟ್ಟೆ ಉಸಿರಾಡಿದರೆ ಮಾತ್ರ ಹಿಂದಿನ ಎಲೆ ಬರುತ್ತೆ. ನಮ್ಮ ಕಡೆ ಧೂಳಿಗೆ ನಾಲ್ಕೈದು ಚೀಲಕ್ಕೇ ಬಟ್ಟೆಯ ಸಣ್ಣ ತೂತುಗಳು ಮುಚ್ಚುತ್ತವೆ. ಒಳಮೈ ಹೊರಗೆ ಮಾಡಿ ಒದರಿ, ವಾರಕ್ಕೊಮ್ಮೆ ಒಗೆದು ಪೂರ್ತಿ ಒಣಗಿಸಿ. ಅರ್ಧ ತುಂಬಿದ ಕೂಡಲೇ ಸುರಿಯಿರಿ. 45 ಲೀಟರ್ ಅಂತ ಬರೆದಿದ್ದರೂ, ಬಟ್ಟೆ ಎಲ್ಲ ಎಲೆಯಿಂದ ಮುಚ್ಚಿಹೋದ ಮೇಲೆ ಗಾಳಿಗೆ ದಾರಿ ಎಲ್ಲಿದೆ?

ಸುರಿದ ಚೂರು ಮಾವಿನ ಪಾತಿಗೆ ಮೂರು ನಾಲ್ಕು ಇಂಚು ದಪ್ಪ ಹಾಸಿ, ಬುಡದಿಂದ ಒಂದು ಅಡಿ ಬಿಟ್ಟು. ಇಡೀ ಎಲೆಯ ಥರ ಗಾಳಿಗೆ ಹಾರಿ ಹೋಗಲ್ಲ, ಮಳೆ ನೀರು ಕೆಳಗಿಳಿಯೋಕೂ ಅಡ್ಡಿ ಮಾಡಲ್ಲ. ಪಕ್ಕದಲ್ಲಿ ಯಾರದಾದರೂ ಹಿಪ್ಪುನೇರಳೆ ತೋಟ ಇದ್ದರೆ ಆ ಕಡೆಗೆ ಮಾತ್ರ ಊದಬೇಡಿ. ಧೂಳು ಕೂತ ಸೊಪ್ಪು ಹುಳುವಿಗೆ ಆಗಲ್ಲ.

ಗಾಳಿಲೆಕ್ಕ, ತುಮಕೂರು:

ಲಿವರ್ ಮಾದರಿ ಬಗ್ಗೆ ಕೇಳಿದ್ದಿರಿ. ಅದರಲ್ಲಿ ಊದುವ ದಾರಿ, ಹೀರುವ ದಾರಿ ಎರಡೂ ಒಟ್ಟಿಗೇ ಇರುತ್ತೆ, ಮಧ್ಯೆ ಒಂದು ಕದ. ಲಿವರ್ ತಿರುಗಿಸಿದಾಗ ಫ್ಯಾನಿನ ಗಾಳಿ ಚೀಲದ ಕಡೆಗೋ ಮೂತಿಯ ಕಡೆಗೋ ಹೊರಳುತ್ತೆ. ಪೈಪು ಬದಲಿಸುವ ಗೋಜಿಲ್ಲ, ಊದಿ ಕೂಡಲೇ ಹೀರಬಹುದು, ಇದು ನಿಜವಾದ ಅನುಕೂಲ. ತೊಂದರೆ ಕದದ ಅಂಚಿನದು. ಅಲ್ಲಿ ಎಲೆಚೂರು ಸಿಕ್ಕಿಕೊಂಡರೆ ಕದ ಪೂರ್ತಿ ಮುಚ್ಚಲ್ಲ, ಊದುವಾಗ ಅರ್ಧ ಗಾಳಿ ಚೀಲಕ್ಕೆ ಸೋರುತ್ತೆ. ಚೀಲವೂ ಸದಾ ಜೊತೆಗೇ ನೇತಾಡುತ್ತಿರುತ್ತೆ. ಸಿಮೆಂಟ್ ಅಂಗಳ, ಚಿಕ್ಕ ಜಾಗಕ್ಕೆ ಅದು ಒಪ್ಪುತ್ತೆ. ಅರ್ಧ ಎಕರೆ, ಜಲ್ಲಿ, ತೆಂಗು ಇರುವಲ್ಲಿ ಎರಡು ಪೈಪಿನದನ್ನೇ ಉಳಿಸಿಕೊಳ್ಳಿ. ಲಿವರಿನದನ್ನೇ ತಂದರೂ ಫ್ಯಾನು ಪೂರ್ತಿ ನಿಂತ ಮೇಲಷ್ಟೇ ತಿರುಗಿಸಬೇಕು.

ಮುಂದೆ ಹೊಸದು ಕೊಳ್ಳುವಾಗ ಡಬ್ಬದ ಮೇಲಿನ ಗಂಟೆಗೆ ಇಷ್ಟು ಕಿ.ಮೀ. ಒಂದನ್ನೇ ನೋಡಬೇಡಿ. ಮೂತಿ ಸಣ್ಣ ಮಾಡಿದರೆ ಆ ಅಂಕಿ ಸುಲಭವಾಗಿ ಏರುತ್ತೆ. ಊದುವ ಬಲವನ್ನು ನ್ಯೂಟನ್ನಿನಲ್ಲಿ ಕೊಟ್ಟಿದ್ದರೆ ಅದನ್ನು ಹೋಲಿಸಿ. ಮೇಲಿನ ಲೆಕ್ಕದ ಮೆಷಿನ್ನಿಗೆ, ನಮ್ಮ ಎತ್ತರದ ಗಾಳಿಯ ತೂಕ ಘನ ಮೀಟರಿಗೆ 1.1 ಕೆ.ಜಿ. ಹಿಡಿದರೆ, ಸುಮಾರು 11 ನ್ಯೂಟನ್ ಬರುತ್ತೆ. ಹೀರುವುದಕ್ಕಾದರೆ ಫ್ಯಾನು ಲೋಹದ್ದೋ, ಪೈಪಿನ ಒಳ ಅಗಲ ಎಷ್ಟು, ಚೀಲ ಜಿಪ್ ತೆಗೆದು ಒಳಮೈ ತಿರುಗಿಸಿ ಒಗೆಯುವಂತಿದೆಯೋ, ಇಷ್ಟು ಕೇಳಿ.

ಚಿಂತಾಮಣಿ_ಅಂಗಳ:

ನಟ್ಟು ಎಡಮರೆಯೇ ಇತ್ತು, ಕೇಳಿ ಒಳ್ಳೆಯದಾಯಿತು. ಲೋಹದ ಫ್ಯಾನು ಈ ಮಾದರಿಗೆ ಇದೆಯಂತೆ, ಅದನ್ನೇ ಹೇಳಿದ್ದೇನೆ. ಬೇರಿಂಗಿನ ಮುಚ್ಚಳ ಒಂದು ಕಡೆ ಕರಗಿದೆ, ಅದನ್ನೂ ಬದಲಿಸುತ್ತೇನೆ. ವೈರು ನೋಡಿದರೆ 1 ಚದರ ಮಿ.ಮೀ.

ವೈರಿಂಗ್‌ಬಲ್ಲವ, ಗೌರಿಬಿದನೂರು:

ಹಾಗಾದರೆ 2.5ರ ಮೂರು ಎಳೆಯದು ತನ್ನಿ, ಅರ್ಥ್ ಸೇರಿ. ಪ್ಲಗ್ಗಿನೊಳಗೆ ಒಂದೊಂದು ಎಳೆಯ ಸಣ್ಣ ತಾಮ್ರದ ತಂತಿಗಳನ್ನು ಬೇರೆ ಬೇರೆಯಾಗಿಯೇ ಹೊಸೆದು ಅದರದರ ಸ್ಕ್ರೂ ಕೆಳಗೆ ಪೂರ್ತಿ ಕೂರಿಸಿ. ಹತ್ತು ನಿಮಿಷ ಓಡಿಸಿ ಆಫ್ ಮಾಡಿದ ಮೇಲೆ ಪ್ಲಗ್ಗಿನ ಮೈ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ, ಕೈ ಇಡಲಾಗದಷ್ಟು ಬಿಸಿ ಇದ್ದರೆ ಸ್ಕ್ರೂ ಇನ್ನೂ ಸಡಿಲವಿದೆ, ಇಲ್ಲಾ ಸಾಕೆಟ್ಟಿನ ಒಳಗಿನ ಪಟ್ಟಿ ಸವೆದಿದೆ.