ಥರ್ಮೋಕೋಲ್ ತಾಗಿದ ಕಡೆ ವೈರ್ ಜಿಗುಟು: ಎಫ್‌ಆರ್‌ಎಲ್‌ಎಸ್ ವೈರ್ ಹಾಕಿಸಿದರೆ ಸಾಕೇ?

ಮುಲುಂಡ್_ಮೇಲ್ಮಹಡಿ:
ಫಾಲ್ಸ್ ಸೀಲಿಂಗ್ ಮೇಲೆ ಬಿಸಿಲ ಝಳಕ್ಕೆಂದು 50 ಮಿ.ಮೀ. ಥರ್ಮೋಕೋಲ್ ಹಾಸಿದೆ. ಎಸಿಯ 2.5 ಚದರ ಮಿ.ಮೀ. ಎಫ್‌ಆರ್ ವೈರ್ ಪೈಪಿಲ್ಲದೆ ಅದರ ನಡುವೆಯೇ ಹೋಗಿದೆ. ಈಗ ವೈರ್ ಕೂತಲ್ಲೆಲ್ಲ ಥರ್ಮೋಕೋಲ್ ಕರಗಿ ಕಾಲುವೆಯಾಗಿದೆ. ವೈರ್ ಮೈಯೆಲ್ಲ ಜಿಗುಟು, ಬಗ್ಗಿಸಿದರೆ ಸೀಳುತ್ತದೆ. ಹೆಚ್ಚು ಕರೆಂಟ್ ಹರಿದರೆ ತಾನೇ ಆಫ್ ಆಗುವ ಎಂಸಿಬಿ ಒಮ್ಮೆಯೂ ಬಿದ್ದಿಲ್ಲ. ಓವರ್‌ಲೋಡೇ? ಎಫ್‌ಆರ್ ಬದಲು ಎಫ್‌ಆರ್‌ಎಲ್‌ಎಸ್ ಎಳೆಸಲೇ?

ಮೆಗ್ಗರ್_500:
ಓವರ್‌ಲೋಡ್ ಇಲ್ಲದೆಯೂ ಹೀಗಾಗುತ್ತದೆ. ವೈರಿನ ಹೊದಿಕೆ ಪಿವಿಸಿ, ಅದು ಹುಟ್ಟಾ ಗಡುಸು. ಬಳುಕಲೆಂದು ಅದಕ್ಕೆ ಪ್ಲಾಸ್ಟಿಸೈಜರ್ ಎಂಬ ಎಣ್ಣೆಯಂಥದ್ದನ್ನು ಬೆರೆಸಿರುತ್ತಾರೆ. ಥರ್ಮೋಕೋಲ್ ಅಂದರೆ ಪಾಲಿಸ್ಟೈರೀನ್. ತಾಗಿಕೊಂಡಿದ್ದರೆ ಎಣ್ಣೆಯನ್ನು ಹೀರುತ್ತದೆ, ಹೀರಿ ತಾನೂ ಕುಗ್ಗುತ್ತದೆ, ವೈರ್ ಒಣಕಡ್ಡಿಯಾಗುತ್ತದೆ. ಸೆಖೆ ಹೆಚ್ಚಿದಷ್ಟೂ ಬೇಗ.

ಎಫ್‌ಆರ್ ಬೆಂಕಿ ಹರಡದಂತೆ ತಡೆಯುತ್ತದೆ, ಎಫ್‌ಆರ್‌ಎಲ್‌ಎಸ್ ಜೊತೆಗೆ ಹೊಗೆಯನ್ನೂ ಆಸಿಡ್ ಅನಿಲವನ್ನೂ ಕಡಿಮೆ ಬಿಡುತ್ತದೆ. ಎರಡೂ ಪಿವಿಸಿಯೇ, ಎರಡರಲ್ಲೂ ಅದೇ ಎಣ್ಣೆ. ದುಡ್ಡು ದಂಡ.

ಮೇನ್ ಆಫ್ ಮಾಡಿ, ವೈರಿನ ಎರಡೂ ತುದಿ ಬಿಚ್ಚಿಸಿ 500 ವೋಲ್ಟ್ ಮೆಗ್ಗರ್ (ಹೊದಿಕೆ ಕರೆಂಟ್ ಸೋರದಂತೆ ಎಷ್ಟು ತಡೆಯುತ್ತದೆಂದು ಅಳೆಯುವ ಉಪಕರಣ) ಹಾಕಿಸಿ. 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಮತ್ತೆ ಕರೆಂಟ್ ಕೊಡಲೇಬೇಡಿ. ಚೆನ್ನಾಗಿ ಬಂದರೂ ನಂಬಬೇಡಿ: ಸೀಳಿದ ವೈರ್ ಒಣಗಿದ್ದಾಗ ಪಾಸ್ ಆಗಿಬಿಡುತ್ತದೆ, ಜೂನ್‌ನಲ್ಲಿ ಸ್ಲ್ಯಾಬ್ ಜಿನುಗಿದಾಗ ಬಣ್ಣ ಬಯಲು. ಎಂಸಿಬಿಗೆ ಭೂಮಿಗಿಳಿಯುವ ಸಣ್ಣ ಲೀಕೇಜ್ ಕಾಣುವುದೇ ಇಲ್ಲ. ಅದಕ್ಕೆ ಲೀಕೇಜ್ ಕಂಡೊಡನೆ ಕರೆಂಟ್ ಕಡಿಯುವ 30 ಮಿಲಿಆಂಪ್ ಆರ್‌ಸಿಸಿಬಿ ಬೇಕು.

ಮುಲುಂಡ್_ಮೇಲ್ಮಹಡಿ:
ಹಾಗಾದರೆ ಪಿವಿಸಿ ಬದಲು ಎಕ್ಸ್‌ಎಲ್‌ಪಿಇ (ಒಂದು ಬಗೆಯ ಪಾಲಿಥೀನ್) ಹೊದಿಕೆಯ ವೈರ್?

ಗ್ಲ್ಯಾಂಡ್_ಗಟ್ಟಿ:
ಅದಕ್ಕೆ ಪ್ಲಾಸ್ಟಿಸೈಜರ್ ಬೇಡ, 90 ಡಿಗ್ರಿ ತಡೆಯುತ್ತದೆ. ಸಾದಾ ಪಿವಿಸಿಗೆ 70. ಆದರೆ ಮಾರಾಯ್ರೇ, ಎಕ್ಸ್‌ಎಲ್‌ಪಿಇ ಕೇಬಲ್ ಅಂತ ಕೊಡುವುದರ ಹೊರಕವಚ ಸಾಮಾನ್ಯವಾಗಿ ಪಿವಿಸಿಯೇ, ಥರ್ಮೋಕೋಲಿಗೆ ತಾಗುವುದೂ ಅದೇ!

ಮುಂಬೈನ ಎಲೆಕ್ಟ್ರಿಕಲ್ ಮಾರುಕಟ್ಟೆ ಲೋಹಾರ್ ಚಾಳ್‌ನಲ್ಲಿ ಎಚ್‌ಎಫ್‌ಎಫ್‌ಆರ್ (ಹ್ಯಾಲೊಜನ್ ಇಲ್ಲದ, ಬೆಂಕಿ ಹರಡದ) ವೈರ್ ಕೇಳಿ, ಅದರ ಭಾರತೀಯ ಮಾನಕ ಐಎಸ್ 17048 ಅಂತ ಅಚ್ಚಿದೆಯೇ ನೋಡಿ. ಅದು ಪಾಲಿಓಲಿಫಿನ್ ಎಂಬ ಪ್ಲಾಸ್ಟಿಕ್, ಪಿವಿಸಿ ಅಲ್ಲ, ಕ್ಲೋರಿನ್ ಇಲ್ಲ. ಅಗ್ಗದ ದಾರಿ: ಹೊಸ ಎಫ್‌ಆರ್ ವೈರನ್ನೇ 25 ಮಿ.ಮೀ. ಗಟ್ಟಿ ಪಿವಿಸಿ ಪೈಪಿನೊಳಗೆ ಎಳೆಸಿ. ಆ ಪೈಪಿಗೆ ಎಣ್ಣೆ ಬೆರೆಸಿರುವುದಿಲ್ಲ. ಬಳುಕುವ ಪೈಪು ಬೇಡ.

ಯಾವುದೇ ಹಾಕಿದರೂ ಥರ್ಮೋಕೋಲ್ ಮೇಲೆಯೇ ಹೋಗಲಿ. ನಡುವೆ ಹೂತರೆ ಬಿಸಿ ಹೊರಹೋಗದು; ಅರ್ಧ ಮೀಟರ್‌ಗಿಂತ ಹೆಚ್ಚು ಪೂರ್ತಿ ಹೂತ ವೈರಿನ ಆಂಪಿಯರ್ ಸಾಮರ್ಥ್ಯವನ್ನು ಅರ್ಧಕ್ಕಿಳಿಸಿ ಲೆಕ್ಕ ಹಾಕುತ್ತಾರೆ. ತಪ್ಪಿಸಲಾಗದಿದ್ದರೆ 4 ಚದರ ಮಿ.ಮೀ. ಹಾಕಿಸಿ.

ಮುಲುಂಡ್_ಮೇಲ್ಮಹಡಿ:
ಅಲ್ಲಿಯವರೆಗೆ ಸೀಳಿದ ಕಡೆ ಟೇಪ್ ಸುತ್ತಿಡಲೇ?

ಮೆಗ್ಗರ್_500:
ಟೇಪೂ ಮೆತ್ತನೆಯ ಪಿವಿಸಿಯೇ. ಎಸಿ ಎಂಸಿಬಿ ಇಳಿಸಿಡಿ.